ಮಾತ್ರೆಗೆ ತಕ್ಕ ಹೊದಿಕೆ: ಆಹಾರ ಪೂರಕಗಳ ಪ್ಯಾಕಿಂಗ್ ಆಯ್ಕೆ ಮಾಡುವ ಬಗೆ

ವಿಟಮಿನ್ ಸಿ, ಕ್ಯಾಲ್ಸಿಯಂ, ಕಬ್ಬಿಣ, ನುಗ್ಗೆಸೊಪ್ಪು, ಸ್ಪಿರುಲಿನಾ ಮುಂತಾದ ಆಹಾರ ಪೂರಕ ಮಾತ್ರೆಗಳನ್ನು ಸ್ವಂತ ಹೆಸರಿನಲ್ಲಿ ಮಾರುವ ಅನೇಕ ಸಣ್ಣ ಉದ್ಯಮಿಗಳಿಗೆ ಸ್ವಂತ ಕಾರ್ಖಾನೆ ಇರುವುದಿಲ್ಲ. ಬೇರೊಬ್ಬರ ಘಟಕದಲ್ಲಿ ಮಾತ್ರೆ ಮಾಡಿಸಿ, ಅಲ್ಲಿಯೇ ಪ್ಯಾಕ್ ಮಾಡಿಸಿ, ತಮ್ಮ ಲೇಬಲ್ ಅಂಟಿಸಿ ಮಾರುಕಟ್ಟೆಗೆ ತರುತ್ತಾರೆ. ಈ ಕ್ರಮದಲ್ಲಿ ಮೊದಲು ಸೂತ್ರ, ಆಮೇಲೆ ಬೆಲೆ, ಅದಾದ ಮೇಲೆ ಹೆಸರು, ಕಟ್ಟಕಡೆಗೆ ಪ್ಯಾಕಿಂಗ್ ನಿರ್ಧಾರವಾಗುತ್ತದೆ. ಬಾಟಲಿಯೋ, ಮಾತ್ರೆಗೊಂದು ಗುಳಿಯಿರುವ ಬ್ಲಿಸ್ಟರ್ ಹಾಳೆಯೋ ಎಂಬ ಪ್ರಶ್ನೆಗೆ ಘಟಕದಲ್ಲಿ ಯಾವ ಯಂತ್ರ ಬಿಡುವಾಗಿದೆ ಎಂಬುದೇ ಉತ್ತರವಾಗುವುದೂ ಉಂಟು. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೇಬಲ್ ಮೇಲೆ ಬರೆದಿರುವ ಪೋಷಕಾಂಶ ಬಾಳಿಕೆ ಅವಧಿಯ ಕೊನೆಯ ದಿನದವರೆಗೂ ಮಾತ್ರೆಯಲ್ಲಿ ಇರುತ್ತದೆಯೇ ಎಂಬುದನ್ನು ಸೂತ್ರದಷ್ಟೇ ಹೊದಿಕೆಯೂ ನಿರ್ಧರಿಸುತ್ತದೆ. ಆದ್ದರಿಂದ ಪ್ಯಾಕಿಂಗ್ ಅನ್ನು ಮಾತ್ರೆಯ ಒಂದು ಘಟಕಾಂಶವೆಂದೇ ಪರಿಗಣಿಸಿ, ಸೂತ್ರ ರೂಪುಗೊಳ್ಳುವ ಹಂತದಲ್ಲಿಯೇ ಅದರ ಬಗ್ಗೆ ಯೋಚಿಸಬೇಕು.

ಮಾತ್ರೆಯನ್ನು ಕೆಡಿಸುವ ಸಂಗತಿಗಳು ಮುಖ್ಯವಾಗಿ ನಾಲ್ಕು: ತೇವಾಂಶ, ಆಮ್ಲಜನಕ, ಬೆಳಕು ಮತ್ತು ಶಾಖ. ಇವುಗಳಲ್ಲಿ ಶಾಖವನ್ನು ಯಾವ ಹೊದಿಕೆಯೂ ತಡೆಯಲಾರದು. ಅದನ್ನು ಗೋದಾಮು, ಸಾಗಣೆ ಮತ್ತು ಸೂತ್ರದ ಮಟ್ಟದಲ್ಲಿಯೇ ನಿಭಾಯಿಸಬೇಕು. ಉಳಿದ ಮೂರನ್ನು ತಡೆಯುವುದು ಪ್ಯಾಕಿಂಗ್‌ನ ಕೆಲಸ. ನಮ್ಮ ಹವೆಯಲ್ಲಿ ಇವುಗಳ ಪೈಕಿ ಅತಿ ಹೆಚ್ಚು ಹಾನಿ ಮಾಡುವುದು ತೇವಾಂಶ. ಮುಂಗಾರಿನ ತಿಂಗಳುಗಳಲ್ಲಿ ಮಂಗಳೂರು, ಉಡುಪಿ, ಕಾರವಾರದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ನ್ನು ದಾಟಿ ದಿನಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿ ಒಣಗಿರುತ್ತದೆ, ಆದರೆ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಂದೇ ಬ್ಯಾಚಿನ ಮಾತ್ರೆ ಈ ಎರಡೂ ಕಡೆಯ ಅಂಗಡಿಗಳಲ್ಲಿ ಇರಬೇಕಾಗುತ್ತದೆ. ಬೆಂಗಳೂರಿನ ಹಿತಕರವಾದ ಹವೆಯಲ್ಲಿ ಕಚೇರಿಯ ಕಪಾಟಿನೊಳಗೆ ಆರು ತಿಂಗಳು ಚೆನ್ನಾಗಿಯೇ ಇದ್ದ ಮಾದರಿಯನ್ನು ನೋಡಿ ಪ್ಯಾಕಿಂಗ್ ಸಾಕಷ್ಟು ಗಟ್ಟಿಯಾಗಿದೆ ಎಂದು ತೀರ್ಮಾನಿಸುವುದು ಈ ಕಾರಣಕ್ಕೇ ಅಪಾಯಕರ.

ಯಾವ ಮಾತ್ರೆಗೆ ಯಾವುದರ ಭಯ ಹೆಚ್ಚು ಎಂಬುದು ಅದರೊಳಗಿನ ವಸ್ತುಗಳನ್ನು ಅವಲಂಬಿಸಿದೆ. ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ತೇವ ಮತ್ತು ಆಮ್ಲಜನಕ ಎರಡೂ ಸಿಕ್ಕಿದಾಗ ಉತ್ಕರ್ಷಣಗೊಂಡು ಮಾತ್ರೆಯ ಮೇಲೆ ಕಂದು ಚುಕ್ಕೆಗಳನ್ನು ಮೂಡಿಸುತ್ತದೆ. ಅದೇ ಮಾತ್ರೆಯಲ್ಲಿ ಕಬ್ಬಿಣ ಅಥವಾ ತಾಮ್ರದ ಲವಣವೂ ಇದ್ದರೆ ಆ ಲೋಹಗಳು ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಹಾಗಾಗಿ ಬಹುಪೋಷಕಾಂಶ ಮಾತ್ರೆಗಳು ಒಂಟಿ ವಿಟಮಿನ್ ಮಾತ್ರೆಗಳಿಗಿಂತ ಬೇಗ ಹಾಳಾಗುತ್ತವೆ. ರೈಬೋಫ್ಲೇವಿನ್, ಫೋಲಿಕ್ ಆಮ್ಲ, ಬಿ12 ಮತ್ತು ವಿಟಮಿನ್ ಎ ಬೆಳಕಿಗೆ ಸೂಕ್ಷ್ಮ. ಗಿಡಮೂಲಿಕೆಗಳ ಒಣಸಾರಗಳು ಗಾಳಿಯಲ್ಲಿನ ನೀರನ್ನು ಹೀರಿಕೊಂಡು ಅಂಟಂಟಾಗುತ್ತವೆ. ನೀರಿಗೆ ಹಾಕಿದೊಡನೆ ನೊರೆಯೇಳುವ ಎಫರ್ವೆಸೆಂಟ್ ಮಾತ್ರೆಗಳಂತೂ ಸೋಡಿಯಂ ಬೈಕಾರ್ಬೊನೇಟ್ ಮತ್ತು ಸಿಟ್ರಿಕ್ ಆಮ್ಲವನ್ನು ಒಟ್ಟಿಗೆ ಹೊಂದಿರುವುದರಿಂದ ಸ್ವಲ್ಪ ತೇವ ಸಿಕ್ಕರೂ ಪ್ಯಾಕಿನೊಳಗೇ ಕ್ರಿಯೆ ಆರಂಭಿಸಿ, ಇಂಗಾಲದ ಡೈಆಕ್ಸೈಡ್ ಬಿಟ್ಟು ಫಾಯಿಲನ್ನು ಉಬ್ಬಿಸುತ್ತವೆ. ಇದಕ್ಕೆ ವಿರುದ್ಧವಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಹಳ ಗಟ್ಟಿ ಸ್ವಭಾವದ ವಸ್ತು. ಅದರ ಜೊತೆ ಸೇರಿಸಿದ ವಿಟಮಿನ್ ಡಿ3 ಮಾತ್ರ ಕಾಳಜಿ ಬೇಡುತ್ತದೆ.

ಬ್ಲಿಸ್ಟರ್ ಎಂಬುದು ಒಂದೇ ವಸ್ತುವಲ್ಲ, ಅದೊಂದು ಕುಟುಂಬ. ಅತಿ ಅಗ್ಗದ ಬಗೆಯಲ್ಲಿ ಸಾಮಾನ್ಯವಾಗಿ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್, ದಪ್ಪದ ಪಿವಿಸಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಗುಳಿಗಳನ್ನು ಮೂಡಿಸಿ, ಮಾತ್ರೆ ಇಟ್ಟು, ಮೇಲೆ 20ರಿಂದ 25 ಮೈಕ್ರಾನ್ ಅಲ್ಯೂಮಿನಿಯಂ ಫಾಯಿಲನ್ನು ಶಾಖದಿಂದ ಅಂಟಿಸುತ್ತಾರೆ. ನೋಡಲು ಗಾಜಿನಂತೆ ನಿಚ್ಚಳವಾಗಿರುವ ಈ ಹಾಳೆ ನೀರಾವಿಯನ್ನು ಸಾಕಷ್ಟು ಒಳಗೆ ಬಿಡುತ್ತದೆ ಎಂಬುದು ಬಹಳ ಜನರಿಗೆ ಆಶ್ಚರ್ಯವೆನಿಸಬಹುದು. 38 ಡಿಗ್ರಿ ತಾಪಮಾನ, ಶೇ. 90 ಆರ್ದ್ರತೆಯಲ್ಲಿ 250 ಮೈಕ್ರಾನ್ ಪಿವಿಸಿಯ ಒಂದು ಚದರ ಮೀಟರಿನ ಮೂಲಕ ದಿನಕ್ಕೆ ಸುಮಾರು 3 ಗ್ರಾಂ ನೀರಾವಿ ಹಾದುಹೋಗುತ್ತದೆ. ಒಂದು ಮಾತ್ರೆಯ ಗುಳಿಯ ಮೇಲ್ಮೈ 4 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ ದಿನಕ್ಕೆ ಒಂದು ಮಿಲಿಗ್ರಾಂ ದಾಟುತ್ತದೆ. ಗುಳಿ ಮೂಡಿಸುವಾಗ ಹಾಳೆ ಎಳೆದು ಮೂಲೆಗಳಲ್ಲಿ ತೆಳುವಾಗುವುದರಿಂದ ನಿಜವಾದ ಪ್ರಮಾಣ ಇನ್ನೂ ಹೆಚ್ಚಿರಬಹುದು. ಹೊರಗಿನ ಹವೆ ಇಷ್ಟು ಕಠಿಣವಾಗಿ ಸದಾ ಇರುವುದಿಲ್ಲ ಎಂಬುದು ನಿಜ. ಆದರೂ ವಿಟಮಿನ್ ಸಿ ಮಾತ್ರೆಗೆ ಬರೀ ಪಿವಿಸಿ ಸಾಲದು ಎಂಬುದನ್ನು ತಿಳಿಯಲು ಈ ಲೆಕ್ಕವೇ ಸಾಕು.

ಪಿವಿಸಿಯ ಮೇಲೆ ಪಿವಿಡಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಲೇಪ ಕೊಟ್ಟರೆ ತೇವ ನುಸುಳುವ ಪ್ರಮಾಣ ಹಲವು ಪಟ್ಟು ಇಳಿಯುತ್ತದೆ. ಈ ಲೇಪವನ್ನು ಚದರ ಮೀಟರಿಗೆ 40, 60, 90, 120 ಗ್ರಾಂ ಹೀಗೆ ಬೇರೆ ಬೇರೆ ತೂಕಗಳಲ್ಲಿ ಕೊಳ್ಳಬಹುದು, ತೂಕ ಹೆಚ್ಚಿದಂತೆ ತಡೆಯೂ ಹೆಚ್ಚುತ್ತದೆ, ಬೆಲೆಯೂ ಏರುತ್ತದೆ. ಆದ್ದರಿಂದ ದರಪಟ್ಟಿಯಲ್ಲಿ ‘ಪಿವಿಸಿ-ಪಿವಿಡಿಸಿ ಬ್ಲಿಸ್ಟರ್’ ಎಂದಷ್ಟೇ ಬರೆದಿದ್ದರೆ ಒಪ್ಪಬಾರದು, ಎಷ್ಟು ಗ್ರಾಂ ಲೇಪ ಎಂದು ಕೇಳಿ ಬರೆಸಿಕೊಳ್ಳಬೇಕು. ಇದಕ್ಕೂ ಮೇಲಿನ ಮಟ್ಟದ್ದು ಅಲು-ಅಲು. ಇದರಲ್ಲಿ ತಳದ ಹಾಳೆಯೂ ಅಲ್ಯೂಮಿನಿಯಮ್ಮಿನದೇ: ಸಾಮಾನ್ಯವಾಗಿ 25 ಮೈಕ್ರಾನ್ ನೈಲಾನ್, 45 ಮೈಕ್ರಾನ್ ಅಲ್ಯೂಮಿನಿಯಂ, 60 ಮೈಕ್ರಾನ್ ಪಿವಿಸಿ ಪದರಗಳನ್ನು ಸೇರಿಸಿ, ಬಿಸಿ ಮಾಡದೆಯೇ ಒತ್ತಿ ಗುಳಿ ಮಾಡುತ್ತಾರೆ. ತೂತಿಲ್ಲದಿದ್ದರೆ ತೇವ, ಆಮ್ಲಜನಕ, ಬೆಳಕು ಮೂರನ್ನೂ ಇದು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆದರೆ ಲೋಹದ ಹಾಳೆಯನ್ನು ಕಡಿದಾಗಿ ಎಳೆದರೆ ಬಿರಿಯುವುದರಿಂದ ಗುಳಿಯ ಗೋಡೆಗಳನ್ನು ಇಳಿಜಾರಾಗಿಯೇ ಮಾಡಬೇಕು. ಇದರಿಂದ ಪ್ರತಿ ಗುಳಿಯೂ ಅಗಲವಾಗಿ, ಹತ್ತು ಮಾತ್ರೆಯ ಹಾಳೆ ಪಿವಿಸಿಗಿಂತ ಗಮನಾರ್ಹವಾಗಿ ದೊಡ್ಡದಾಗುತ್ತದೆ. ಪೆಟ್ಟಿಗೆ ದೊಡ್ಡದಾಗುತ್ತದೆ, ಸಾಗಣೆಯ ಖರ್ಚೂ ಏರುತ್ತದೆ. ಒಂದು ಗ್ರಾಂ ತೂಗುವ ಉದ್ದನೆಯ ಪೂರಕ ಮಾತ್ರೆಗಳಿಗೆ ಈ ತೊಂದರೆ ಇನ್ನೂ ಹೆಚ್ಚು.

ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಟ್ರಿಪ್ ಪ್ಯಾಕನ್ನು ಜನ ಆಡುಮಾತಿನಲ್ಲಿ ಬ್ಲಿಸ್ಟರ್‌ನೊಂದಿಗೆ ಒಂದೇ ಎಂಬಂತೆ ಬಳಸುತ್ತಾರೆ, ಆದರೆ ಎರಡೂ ಬೇರೆ. ಒಳಬದಿಗೆ ಪಾಲಿಥೀನ್ ಪದರವಿರುವ ಎರಡು ಅಲ್ಯೂಮಿನಿಯಂ ಫಾಯಿಲ್‌ಗಳ ನಡುವೆ ಮಾತ್ರೆಯನ್ನು ಇಟ್ಟು ಸುತ್ತಲೂ ಶಾಖದಿಂದ ಒತ್ತಿದರೆ ಸ್ಟ್ರಿಪ್ ಆಗುತ್ತದೆ. ಫಾಯಿಲ್ ಸಾಕಷ್ಟು ದಪ್ಪವಾಗಿದ್ದು ಅಂಚಿನ ಅಂಟು ಸರಿಯಾಗಿದ್ದರೆ ಇದರ ತಡೆಶಕ್ತಿ ಅಲು-ಅಲುಗೆ ಹತ್ತಿರವಿರುತ್ತದೆ, ಖರ್ಚು ಮಾತ್ರ ಕಡಿಮೆ. ತೇವಕ್ಕೆ ಅಂಜುವ ಮಾತ್ರೆಯನ್ನು ಕಡಿಮೆ ಬಂಡವಾಳದಲ್ಲಿ ಕಾಪಾಡಬೇಕಾದ ಸಣ್ಣ ಉದ್ಯಮಿಗಳು ಹಳೆಯ ಮಾದರಿಯೆಂದು ಇದನ್ನು ತಳ್ಳಿಹಾಕಬಾರದೆಂದು ನಾನು ಭಾವಿಸುತ್ತೇನೆ. ಅಂಚಿನ ಅಂಟಿನಲ್ಲಿ ಸುಕ್ಕು ಬಿದ್ದು ಕಣ್ಣಿಗೆ ಕಾಣದ ಸೀಳು ಉಳಿಯುವುದೇ ಇದರ ಮುಖ್ಯ ದೌರ್ಬಲ್ಯ. ಅದನ್ನು ಪತ್ತೆಹಚ್ಚಲು ಬಣ್ಣದ ನೀರಿನಲ್ಲಿ ಮುಳುಗಿಸಿ ನಿರ್ವಾತ ಸೃಷ್ಟಿಸಿ ಬಿಡುಗಡೆ ಮಾಡುವ ಸೋರಿಕೆ ಪರೀಕ್ಷೆಯನ್ನು ಪ್ಯಾಕಿಂಗ್ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಮಾಡಬೇಕು. ಒಳಗೆ ಬಣ್ಣ ಹೊಕ್ಕ ಗುಳಿ ಒಂದೇ ಕಂಡರೂ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕಾಗುತ್ತದೆ.

ಸ್ಟ್ರಿಪ್ ಮತ್ತು ಬ್ಲಿಸ್ಟರ್ ಎರಡಕ್ಕೂ ಸಂಬಂಧಿಸಿದ, ನಮ್ಮ ದೇಶದ ಅಂಗಡಿಗಳಲ್ಲಿ ಸಾಮಾನ್ಯವಾದ ಒಂದು ಸಂಗತಿಯಿದೆ. ಮೆಡಿಕಲ್ ಶಾಪ್‌ಗಳಲ್ಲಿ ಗ್ರಾಹಕರು ನಾಲ್ಕು ಮಾತ್ರೆ ಕೇಳಿದರೆ ಕತ್ತರಿಯಿಂದ ನಾಲ್ಕನ್ನೇ ಕತ್ತರಿಸಿ ಕೊಡುವ ರೂಢಿ ಇದೆ. ಬ್ಯಾಚ್ ಸಂಖ್ಯೆ ಮತ್ತು ಬಾಳಿಕೆ ದಿನಾಂಕ ಹಾಳೆಯ ಒಂದೇ ತುದಿಯಲ್ಲಿ ಮುದ್ರಿತವಾಗಿದ್ದರೆ ಕತ್ತರಿಸಿದ ತುಂಡು ಅನಾಮಧೇಯವಾಗುತ್ತದೆ. ಮನೆಯ ಡಬ್ಬಿಯಲ್ಲಿ ಆರು ತಿಂಗಳ ನಂತರ ಸಿಕ್ಕಿದ ಆ ತುಂಡು ಏನು, ಯಾವಾಗಿನದು ಎಂದು ಯಾರಿಗೂ ತಿಳಿಯುವುದಿಲ್ಲ. ಹೆಸರನ್ನು ಪ್ರತಿ ಗುಳಿಯ ಹಿಂದೆಯೂ ಬರುವಂತೆ ಮುದ್ರಿಸುವುದು, ದಿನಾಂಕವನ್ನು ಕತ್ತರಿಗೆ ಕೊನೆಗೆ ಸಿಗುವ ತುದಿಯಲ್ಲಿ ಇಡುವುದು ಹೆಚ್ಚು ವೆಚ್ಚವಿಲ್ಲದ ಪರಿಹಾರಗಳು.

ಈಗ ಬಾಟಲಿಯ ಕಡೆಗೆ ಬರೋಣ. ಪೂರಕ ಮಾತ್ರೆಗಳಿಗೆ ಹೆಚ್ಚಾಗಿ ಬಳಸುವುದು ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಬಿಳಿ ಬಾಟಲಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಬಾಯಿಗೆ ಇಂಡಕ್ಷನ್ ಸೀಲ್ ಎಂಬ ಅಂಟಿಸಿದ ಫಾಯಿಲ್ ಮುಚ್ಚಿಗೆ. ಎಚ್‌ಡಿಪಿಇ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನು ಅಷ್ಟಾಗಿ ತಡೆಯುವುದಿಲ್ಲ. ಪೆಟ್ ಪ್ಲಾಸ್ಟಿಕ್ಕಿನ ಗುಣ ಇದಕ್ಕೆ ತಿರುಗುಮುರುಗು: ಆಮ್ಲಜನಕಕ್ಕೆ ಅದು ಉತ್ತಮ ತಡೆ, ತೇವಕ್ಕೆ ಕಡಿಮೆ. ಹೊಳೆಯುವ ಕಂದು ಪೆಟ್ ಬಾಟಲಿ ಚೆಂದ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನೀರು ಹೀರುವ ಗಿಡಮೂಲಿಕೆ ಮಾತ್ರೆಗಳನ್ನು ಅದರಲ್ಲಿ ತುಂಬುವವರಿದ್ದಾರೆ, ಇದು ಸರಿಯಾದ ಜೋಡಿಯಲ್ಲ. ಗಾಜು ಎರಡನ್ನೂ ತಡೆಯುತ್ತದೆ, ಆದರೆ ಭಾರ, ಒಡೆಯುವ ಭಯ ಮತ್ತು ಕೊರಿಯರ್ ವೆಚ್ಚ ಅದನ್ನು ದುಬಾರಿಯಾಗಿಸುತ್ತವೆ. ಅಲ್ಲದೆ ಗಾಜಿನ ಬಾಟಲಿಯಲ್ಲೂ ದುರ್ಬಲ ಜಾಗ ಮುಚ್ಚಳವೇ.

ಬಾಟಲಿಯ ನಿಜವಾದ ಪರೀಕ್ಷೆ ಸೀಲ್ ಹರಿದ ದಿನದಿಂದ ಆರಂಭವಾಗುತ್ತದೆ. ಬ್ಲಿಸ್ಟರ್‌ನಲ್ಲಿ ಒಂದು ಮಾತ್ರೆ ತೆಗೆದರೆ ಉಳಿದವು ಹಾಗೆಯೇ ಭದ್ರವಾಗಿರುತ್ತವೆ, ಬಾಟಲಿಯಲ್ಲಿ ಪ್ರತಿ ಸಲವೂ ಎಲ್ಲ ಮಾತ್ರೆಗಳೂ ಹೊರಗಿನ ಗಾಳಿಗೆ ಒಡ್ಡಿಕೊಳ್ಳುತ್ತವೆ. ಇದರ ಲೆಕ್ಕ ಹೀಗಿದೆ. 30 ಡಿಗ್ರಿಯಲ್ಲಿ ಪೂರ್ಣ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ, ಶೇ. 85 ಆರ್ದ್ರತೆಯಲ್ಲಿ ಸುಮಾರು 26 ಗ್ರಾಂ. ಬಾಟಲಿಯ ಖಾಲಿ ಜಾಗ 60 ಮಿಲಿಲೀಟರ್ ಆಗಿದ್ದು ಮುಚ್ಚಳ ತೆರೆದಾಗ ಆ ಗಾಳಿಯೆಲ್ಲ ಬದಲಾದರೆ ಒಳಗೆ ಬರುವ ನೀರು ಒಂದೂವರೆ ಮಿಲಿಗ್ರಾಂನಷ್ಟು. ದಿನಕ್ಕೊಮ್ಮೆಯಂತೆ ಅರವತ್ತು ಸಲ ತೆರೆದರೆ 90 ಮಿಲಿಗ್ರಾಂನಷ್ಟಾಗುತ್ತದೆ. ಒಂದು ಗ್ರಾಂ ಸಿಲಿಕಾ ಜೆಲ್ ಮಧ್ಯಮ ಆರ್ದ್ರತೆಯಲ್ಲಿ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಹೀರಬಲ್ಲದಾದ್ದರಿಂದ ಕಾಗದದ ಮೇಲೆ ಈ ಹೊರೆಯನ್ನು ಅದು ತಾಳಿಕೊಳ್ಳುತ್ತದೆ. ಆದರೆ ಈ ಲೆಕ್ಕ ಕೆಡುವುದು ಮೂರು ಕಡೆ. ಮಾತ್ರೆಗಿಂತ ಬಹಳ ದೊಡ್ಡ ಬಾಟಲಿ ಆರಿಸಿದರೆ ಖಾಲಿ ಜಾಗ ಹೆಚ್ಚಿ ಒಳಬರುವ ನೀರೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಪ್ಯಾಕಿಂಗ್ ಕೋಣೆಯಲ್ಲಿ ಸಿಲಿಕಾ ಜೆಲ್ ಚೀಲವನ್ನು ತೆರೆದಿಟ್ಟರೆ ಬಾಟಲಿಗೆ ಬೀಳುವ ಮೊದಲೇ ಅದು ತೇವ ಕುಡಿದು ನಿಷ್ಪ್ರಯೋಜಕವಾಗಿರುತ್ತದೆ. ಮೂರನೆಯದಾಗಿ, ಬಳಸುವವರು ಪೊಟ್ಟಣವನ್ನು ಎಸೆದುಬಿಡುತ್ತಾರೆ ಅಥವಾ ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಬಾಟಲಿಯನ್ನು ಬಿಡುತ್ತಾರೆ. ಜೆಲ್ಲನ್ನು ಮುಚ್ಚಳದೊಳಗೇ ಅಡಕ ಮಾಡಿದ ಬಾಟಲಿಗಳು ಈ ಕೊನೆಯ ತೊಂದರೆಯನ್ನು ಅರ್ಧದಷ್ಟಾದರೂ ನಿವಾರಿಸುತ್ತವೆ.

ಎಫರ್ವೆಸೆಂಟ್ ಮಾತ್ರೆಗಳಿಗೆ ಮುಚ್ಚಳದಲ್ಲಿ ಜೆಲ್ ಇರುವ ಉದ್ದನೆಯ ಪಾಲಿಪ್ರೊಪಿಲೀನ್ ಟ್ಯೂಬ್ ಅಥವಾ ದಪ್ಪ ಫಾಯಿಲಿನ ಸ್ಟ್ರಿಪ್, ಇವೆರಡೇ ಹೆಚ್ಚಾಗಿ ಬಳಕೆಯಲ್ಲಿವೆ. ಇವುಗಳ ತಯಾರಿ ಮತ್ತು ಪ್ಯಾಕಿಂಗ್ ಎರಡೂ ಶೇ. 25ಕ್ಕಿಂತ ಕಡಿಮೆ ಆರ್ದ್ರತೆಯ ಕೋಣೆಯಲ್ಲಿ ನಡೆಯಬೇಕು. ಆ ಸೌಲಭ್ಯವಿಲ್ಲದ ಘಟಕಕ್ಕೆ ಈ ಕೆಲಸ ಒಪ್ಪಿಸಿದರೆ ಎಷ್ಟು ಒಳ್ಳೆಯ ಟ್ಯೂಬ್ ಕೊಂಡರೂ ಪ್ರಯೋಜನವಿಲ್ಲ.

ಕಬ್ಬಿಣವಿರುವ ಮಾತ್ರೆಗಳ ವಿಷಯದಲ್ಲಿ ತೇವಕ್ಕಿಂತ ಮೊದಲು ಯೋಚಿಸಬೇಕಾದದ್ದು ಮನೆಯಲ್ಲಿನ ಪುಟ್ಟ ಮಕ್ಕಳ ಬಗ್ಗೆ. ದೇಹತೂಕದ ಪ್ರತಿ ಕಿಲೋಗ್ರಾಂಗೆ 60 ಮಿಲಿಗ್ರಾಂನಷ್ಟು ಶುದ್ಧ ಕಬ್ಬಿಣ ಒಮ್ಮೆಗೇ ಹೊಟ್ಟೆ ಸೇರಿದರೆ ಅದು ಗಂಭೀರ ವಿಷಬಾಧೆಯ ಮಟ್ಟ. ಹತ್ತು ಕಿಲೋ ತೂಗುವ ಮಗುವಿಗೆ ಅದು 600 ಮಿಲಿಗ್ರಾಂ, ಅಂದರೆ 30 ಮಿಲಿಗ್ರಾಂ ಕಬ್ಬಿಣವಿರುವ ಇಪ್ಪತ್ತು ಮಾತ್ರೆಗಳು. ಅರವತ್ತು ಮಾತ್ರೆಯ ಒಂದು ಬಾಟಲಿಯಲ್ಲಿ ಇದರ ಮೂರು ಪಟ್ಟು ಇರುತ್ತದೆ. ಬಣ್ಣದ ಸಿಹಿ ಲೇಪವಿರುವ ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟಿನಂತೆ ಕಾಣುತ್ತದೆ. ಬಸುರಿ ಅಥವಾ ಬಾಣಂತಿ ತಾಯಿ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ಮನೆಯಲ್ಲಿಯೇ ಎರಡು ವರ್ಷದ ಮೊದಲ ಮಗುವೂ ಓಡಾಡುತ್ತಿರುವುದು ತೀರಾ ಸಾಮಾನ್ಯ. ಅಮೆರಿಕದಲ್ಲಿ ಮಕ್ಕಳ ಸಾವುಗಳು ಕಳವಳ ಹುಟ್ಟಿಸಿದಾಗ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಒಂದು ಮಾತ್ರೆಯಲ್ಲಿ 30 ಮಿಲಿಗ್ರಾಂ ಅಥವಾ ಹೆಚ್ಚು ಕಬ್ಬಿಣವಿದ್ದರೆ ಪ್ರತಿ ಮಾತ್ರೆಯನ್ನೂ ಬಿಡಿಬಿಡಿಯಾಗಿ ಪ್ಯಾಕ್ ಮಾಡಬೇಕೆಂದು 1997ರಲ್ಲಿ ನಿಯಮ ಮಾಡಿತು. ಆ ಸಂಸ್ಥೆಗೆ ಇಂಥ ನಿಯಮ ಮಾಡುವ ಅಧಿಕಾರವಿಲ್ಲವೆಂದು 2003ರಲ್ಲಿ ನ್ಯಾಯಾಲಯ ತೀರ್ಪಿತ್ತುದರಿಂದ ನಿಯಮ ಹೋಯಿತು, ಆದರೆ ಅದರ ಹಿಂದಿನ ತರ್ಕ ಹೋಗಲಿಲ್ಲ. ಒಂದೊಂದೇ ಗುಳಿಯನ್ನು ಒತ್ತಿ ಹೊರತೆಗೆಯಬೇಕಾದಾಗ ಮಗುವಿನ ಕೈ ನಿಧಾನವಾಗುತ್ತದೆ, ಅಷ್ಟರಲ್ಲಿ ದೊಡ್ಡವರು ಯಾರಾದರೂ ನೋಡುತ್ತಾರೆ. ಆದ್ದರಿಂದ ಕಬ್ಬಿಣದ ಮಾತ್ರೆಗೆ ನನ್ನ ಮೊದಲ ಆಯ್ಕೆ ಬೆಳಕು ತೂರದ ಬ್ಲಿಸ್ಟರ್ ಅಥವಾ ಸ್ಟ್ರಿಪ್. ಬಾಟಲಿಯೇ ಬೇಕೆಂದಾದರೆ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳಕ್ಕಿಂತ ಕಡಿಮೆಯದನ್ನು ಒಪ್ಪಬಾರದು.

ಇದಕ್ಕೊಂದು ಎದುರು ವಾದವೂ ಇದೆ, ಅದನ್ನು ಕಡೆಗಣಿಸುವಂತಿಲ್ಲ. ಗರ್ಭಿಣಿಯರಿಗಾಗಿ 15 ಸೂಕ್ಷ್ಮ ಪೋಷಕಾಂಶಗಳನ್ನು ಸೇರಿಸಿ ರೂಪಿಸಿದ ಅಂತರರಾಷ್ಟ್ರೀಯ ಸೂತ್ರದ ಮಾತ್ರೆಯನ್ನು ಹಲವು ದೇಶಗಳ ಆರೋಗ್ಯ ಕಾರ್ಯಕ್ರಮಗಳಲ್ಲಿ 180 ಮಾತ್ರೆಗಳ ಬಾಟಲಿಯಲ್ಲಿ ಹಂಚಲಾಗುತ್ತಿದೆ. ಆರು ತಿಂಗಳಿಗೆ ಬೇಕಾದಷ್ಟು ಮಾತ್ರೆ ಒಮ್ಮೆಗೇ ಕೈಸೇರಿದರೆ ದೂರದ ಹಳ್ಳಿಯ ಹೆಣ್ಣುಮಗಳು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಯಬೇಕಿಲ್ಲ, ಸಾಗಣೆಗೆ ಜಾಗವೂ ಕಡಿಮೆ ಸಾಕು, ಕಸವೂ ಕಡಿಮೆ. ಅಂಥ ಕಾರ್ಯಕ್ರಮದಲ್ಲಿ ಮಾತ್ರೆ ತಪ್ಪದೆ ತಲುಪುವುದೇ ಎಲ್ಲಕ್ಕಿಂತ ಮುಖ್ಯವಾದ್ದರಿಂದ ಬಾಟಲಿ ಸರಿಯಾದ ಆಯ್ಕೆಯಾಗಬಹುದು. ಪಟ್ಟಣದ ಅಂಗಡಿಯಲ್ಲಿ ಮಾರುವ ಉತ್ಪನ್ನಕ್ಕೆ ಅದೇ ತರ್ಕ ತಾನಾಗಿ ಅನ್ವಯಿಸುವುದಿಲ್ಲ.

ವಯಸ್ಸಾದವರ ಕೈಗಳನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ಹೆಚ್ಚಾಗಿ ತೆಗೆದುಕೊಳ್ಳುವವರು ಅರವತ್ತು ದಾಟಿದವರು, ಅವರಲ್ಲಿ ಅನೇಕರಿಗೆ ಬೆರಳಿನ ಗಂಟುಗಳಲ್ಲಿ ನೋವಿರುತ್ತದೆ. ದಪ್ಪ ಫಾಯಿಲಿನಿಂದ ದೊಡ್ಡ ಮಾತ್ರೆಯನ್ನು ಒತ್ತಿ ತೆಗೆಯುವುದು ಅವರಿಗೆ ಕಷ್ಟ. ಕ್ಯಾಲ್ಸಿಯಂ ಅಷ್ಟೇನೂ ತೇವಕ್ಕೆ ಅಂಜದ ವಸ್ತುವಾದ್ದರಿಂದ ಅಗಲ ಬಾಯಿಯ ಎಚ್‌ಡಿಪಿಇ ಬಾಟಲಿ, ದೊಡ್ಡ ಅಕ್ಷರದ ಲೇಬಲ್ ಅವರಿಗೆ ಹೆಚ್ಚು ಅನುಕೂಲ.

ಕಾನೂನಿನ ಚೌಕಟ್ಟೂ ಆಯ್ಕೆಯನ್ನು ಪ್ರಭಾವಿಸುತ್ತದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲಿ ಹೊರಡಿಸಿದ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಆಹಾರಕ್ಕೆ ತಾಗುವ ಪ್ಲಾಸ್ಟಿಕ್‌ನಿಂದ ಹೊರಬಂದು ಆಹಾರಕ್ಕೆ ಸೇರುವ ಒಟ್ಟು ಅಂಶ ಪ್ರತಿ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಅಥವಾ ತಾಗುವ ಮೇಲ್ಮೈಯ ಪ್ರತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮಿತಿಯೊಳಗೆ ಇರಬೇಕು. ಬಾಟಲಿ ಮತ್ತು ಹಾಳೆ ಪೂರೈಸುವವರಿಂದ ಈ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಬೇಕು. ಪೂರಕಗಳ ಬಗ್ಗೆ ಇರುವ ನಿಯಮಗಳು ಲೇಬಲ್ ಮೇಲೆ ಬಳಕೆಯ ಪ್ರಮಾಣ, ಅದನ್ನು ಮೀರಬಾರದೆಂಬ ಎಚ್ಚರಿಕೆ, ಮಕ್ಕಳಿಗೆ ಸಿಗದಂತೆ ಇಡಬೇಕೆಂಬ ಸೂಚನೆ ಮೊದಲಾದ ಅನೇಕ ವಿವರಗಳನ್ನು ಕೇಳುತ್ತವೆ. ಇಷ್ಟೆಲ್ಲ ಒಂದು ಫಾಯಿಲಿನ ಹಿಂಭಾಗದಲ್ಲಿ ಓದುವಷ್ಟು ದೊಡ್ಡದಾಗಿ ಹಿಡಿಸುವುದಿಲ್ಲ. ಹಾಗಾಗಿ ಬ್ಲಿಸ್ಟರ್ ಆರಿಸಿದವರು ಕಾಗದದ ಪೆಟ್ಟಿಗೆಯ ಖರ್ಚನ್ನೂ ಜೊತೆಗೆ ಲೆಕ್ಕ ಹಾಕಬೇಕು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೂ ಅವುಗಳ ಜೊತೆ ಕನ್ನಡದಲ್ಲಿಯೂ ಮುದ್ರಿಸಲು ಅವಕಾಶವಿದೆ. ಶೇಖರಣೆಯ ಸೂಚನೆ ಮತ್ತು ಮಕ್ಕಳ ಕುರಿತ ಎಚ್ಚರಿಕೆಯನ್ನಾದರೂ ಕನ್ನಡದಲ್ಲಿ ಕೊಡಬೇಕೆಂಬುದು ಕರ್ನಾಟಕದಲ್ಲಿ ಮಾರುವ ಪ್ರತಿಯೊಬ್ಬ ಉದ್ಯಮಿಯಲ್ಲಿ ನನ್ನ ಕೋರಿಕೆ.

ಹಣದ ಲೆಕ್ಕದಲ್ಲಿ ಸಣ್ಣ ಬ್ಯಾಚಿಗೆ ಬಾಟಲಿ ಸುಲಭ. ಸಿದ್ಧ ಅಳತೆಯ ಬಾಟಲಿಗಳು ಸಿಗುತ್ತವೆ, ಎಣಿಸಲು ಸರಳ ಯಂತ್ರ ಸಾಕು, ಲೇಬಲ್‌ಗಳನ್ನು ಕೆಲವೇ ಸಾವಿರದಷ್ಟು ಮುದ್ರಿಸಬಹುದು. ಬ್ಲಿಸ್ಟರ್‌ಗೆ ಮಾತ್ರೆಯ ಆಕಾರಕ್ಕೆ ಹೊಂದುವ ಅಚ್ಚು ಬೇಕು, ಫಾಯಿಲಿನ ಮೇಲೆ ಮುದ್ರಿಸಲು ಮುದ್ರಣ ಸಿಲಿಂಡರ್ ಬೇಕು, ಫಾಯಿಲನ್ನು ಕಿಲೋಗಟ್ಟಲೆ ಒಮ್ಮೆಗೇ ಕೊಳ್ಳಬೇಕು. ಲೇಬಲ್ಲಿನ ಒಂದು ಸಾಲು ಬದಲಾದರೂ ಉಳಿದ ಫಾಯಿಲ್ ವ್ಯರ್ಥ. ಮಾತ್ರೆಯ ಆಕಾರವನ್ನು ಘಟಕದಲ್ಲಿ ಈಗಾಗಲೇ ಇರುವ ಅಚ್ಚಿಗೆ ಹೊಂದಿಸಿಕೊಂಡರೆ ದೊಡ್ಡ ಮೊತ್ತ ಉಳಿಯುತ್ತದೆ, ಇದನ್ನು ಸೂತ್ರದ ಹಂತದಲ್ಲಿಯೇ ಕೇಳಿಕೊಳ್ಳಬೇಕು. ಕಸದ ದೃಷ್ಟಿಯಿಂದಲೂ ಬಾಟಲಿಗೆ ಮೇಲುಗೈ ಇದೆ: ಎಚ್‌ಡಿಪಿಇಯನ್ನು ಗುಜರಿಯವರು ಕೊಳ್ಳುತ್ತಾರೆ, ಪ್ಲಾಸ್ಟಿಕ್ ಮತ್ತು ಲೋಹ ಅಂಟಿಕೊಂಡಿರುವ ಬ್ಲಿಸ್ಟರ್ ಹಾಳೆಯನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಅದು ಹೆಚ್ಚಾಗಿ ಕಸದ ರಾಶಿಗೇ ಸೇರುತ್ತದೆ.

ಇಷ್ಟೆಲ್ಲ ಯೋಚಿಸಿ ಆರಿಸಿದ ಪ್ಯಾಕ್ ಸರಿಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. 40 ಡಿಗ್ರಿ, ಶೇ. 75 ಆರ್ದ್ರತೆಯಲ್ಲಿ ಆರು ತಿಂಗಳ ತ್ವರಿತ ಪರೀಕ್ಷೆ ಮತ್ತು 30 ಡಿಗ್ರಿಯಲ್ಲಿ ದೀರ್ಘಕಾಲದ ಪರೀಕ್ಷೆ, ಇವೆರಡನ್ನೂ ಮಾರಾಟಕ್ಕೆ ಹೋಗುವ ಪ್ಯಾಕಿನಲ್ಲಿಯೇ ಇಟ್ಟು ಮಾಡಬೇಕು. ಅಲು-ಅಲುವಿನಲ್ಲಿ ಪರೀಕ್ಷೆ ಮಾಡಿಸಿ, ಬೆಲೆ ತಗ್ಗಿಸಲು ಪಿವಿಸಿಯಲ್ಲಿ ಮಾರುವುದಾದರೆ ಆ ಪರೀಕ್ಷೆಯ ವರದಿಗೆ ಅರ್ಥವಿಲ್ಲ. ಎರಡು ಮೂರು ಬಗೆಯ ಪ್ಯಾಕ್‌ಗಳನ್ನು ಒಟ್ಟಿಗೇ ಪರೀಕ್ಷೆಗೆ ಇಟ್ಟರೆ ಮೂರನೇ ತಿಂಗಳಿನ ಹೊತ್ತಿಗೇ ಬಣ್ಣ, ಗಡಸುತನ, ತೇವಾಂಶ ಮತ್ತು ವಿಟಮಿನ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಅಗ್ಗದ ಪ್ಯಾಕ್ ಸಾಕೇ ಎಂಬುದಕ್ಕೆ ಆಧಾರವೂ ಸಿಗುತ್ತದೆ. ಬಾಟಲಿ ಆರಿಸಿದವರು ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕು: ಸೀಲ್ ಹರಿದ ಬಾಟಲಿಯನ್ನು 30 ಡಿಗ್ರಿ, ಶೇ. 75 ಆರ್ದ್ರತೆಯಲ್ಲಿಟ್ಟು, ಗ್ರಾಹಕರು ಮಾಡುವಂತೆ ದಿನಕ್ಕೊಮ್ಮೆ ತೆರೆದು ಒಂದು ಮಾತ್ರೆ ತೆಗೆದು ಮುಚ್ಚುತ್ತ ಹೋಗಿ, ಕೊನೆಗೆ ಉಳಿದ ಹತ್ತು ಮಾತ್ರೆಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆ ಹತ್ತು ಮಾತ್ರೆಗಳಲ್ಲಿಯೂ ಲೇಬಲ್ಲಿನಲ್ಲಿ ಹೇಳಿದಷ್ಟು ವಿಟಮಿನ್ ಇದ್ದರೆ ಬಾಟಲಿಯ ಅಳತೆ, ಜೆಲ್ಲಿನ ತೂಕ, ಮುಚ್ಚಳದ ಬಿಗಿ ಮೂರೂ ಸರಿಯಾಗಿವೆ. ಇಲ್ಲದಿದ್ದರೆ ಅರವತ್ತರ ಬದಲು ಮೂವತ್ತು ಮಾತ್ರೆಯ ಬಾಟಲಿಗೆ ಇಳಿಯುವುದು, ಇಲ್ಲವೇ ಸ್ಟ್ರಿಪ್‌ಗೆ ಬದಲಾಯಿಸುವುದು ಉಳಿದ ದಾರಿ.